ಚಿಪ್ ಕುಗ್ಗಿದಂತೆಲ್ಲ ಅನಲಾಗ್ ವಿದ್ಯೆ ಹಿಗ್ಗಬೇಕು

(ಸಾರಥಿಯಲ್ಲಿ ನಡೆದ ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರಿಗೆ ಎಲೆಕ್ಟ್ರಾನಿಕ್ ಚಿಪ್‌ಗಳ ಉಸಾಬರಿ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಕಾರಣವಿದೆ. ನಾನು ಒಂದು ತಪ್ಪು ಮಾಡಿದ್ದೇನೆ. ಆ ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಂಡು ತಿದ್ದಿಕೊಳ್ಳಬೇಕೆಂಬುದು ನನ್ನ ಉದ್ದೇಶ.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಹುಡುಗನೊಬ್ಬ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದ. ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಮಗನನ್ನು ಕರೆದುಕೊಂಡು ಮನೆಗೆ ಬಂದು, "ಮೇಷ್ಟ್ರೇ, ಎಲೆಕ್ಟ್ರಾನಿಕ್ಸ್ ಸೀಟು ಸಿಗ್ತದಂತೆ. ಕೊಡಿಸ್ಲಾ, ಬೇಡ್ವಾ?" ಎಂದು ಕೇಳಿದರು. ನಾನು ಹಿಂದೆ ಮುಂದೆ ನೋಡದೆ, "ಬೇಡ ಭಾಯಿ, ಎಲೆಕ್ಟ್ರಾನಿಕ್ಸ್ ಕಾಲ ಮುಗೀತು. ಈಗ ಎಲ್ಲಾ ಡಿಜಿಟಲ್. ಒಂದು ವರ್ಷ ಕಾದರೂ ಪರವಾಗಿಲ್ಲ, ಕಂಪ್ಯೂಟರ್ ಸೈನ್ಸನ್ನೇ ಕೊಡಿಸಿ" ಎಂದುಬಿಟ್ಟೆ. ಪುಣ್ಯಕ್ಕೆ ಆ ಹುಡುಗ ನನ್ನ ಮಾತು ಕೇಳಲಿಲ್ಲ. ಈದ್‌ಗೆ ಊರಿಗೆ ಬಂದಾಗ ನನ್ನನ್ನು ನೋಡಲು ಬಂದ. ಈಗ ಅವನು ಹುಬ್ಬಳ್ಳಿಯಲ್ಲಿ ಚಿಪ್‌ಗಳ ವಿನ್ಯಾಸ ಮಾಡುವ ಕೆಲಸದಲ್ಲಿದ್ದಾನೆ. "ಅನಲಾಗ್ ವಿಭಾಗ ಸರ್" ಎಂದ. ಎಲ್ಲವೂ ಡಿಜಿಟಲ್ ಆಗಿರುವಾಗ ಅನಲಾಗ್‌ಗೆ ಏನು ಕೆಲಸ ಎಂದು ಕೇಳಿದೆ. ಅವನು ನಗುತ್ತ ಎದುರಿನ ಕಿರಾಣಿ ಅಂಗಡಿಯ ಮೂಲೆಯಲ್ಲಿ ನೇತುಹಾಕಿದ್ದ ಹಳೆಯ ತಕ್ಕಡಿಯನ್ನು ತೋರಿಸಿ, "ಸರ್, ನನ್ನ ಕೆಲಸ ಅದೇ. ಆದರೆ ತಕ್ಕಡಿ ವರ್ಷ ವರ್ಷ ಚಿಕ್ಕದಾಗ್ತಾ ಹೋಗ್ತದೆ" ಎಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಅವನಿಂದ ಕೇಳಿದೆ, ಪುಸ್ತಕಗಳನ್ನು ತರಿಸಿ ಓದಿದೆ, ಅರ್ಥವಾಗದ್ದನ್ನು ಮತ್ತೆ ಕೇಳಿದೆ. ಹಾಗೆ ತಿಳಿದುಕೊಂಡದ್ದನ್ನು ನಮ್ಮ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಇಂದು ತಮ್ಮ ಮುಂದಿಡುತ್ತೇನೆ.

ಮೊದಲಿಗೆ ಅನಲಾಗ್ ಎಂದರೇನು, ಡಿಜಿಟಲ್ ಎಂದರೇನು? ದೂರ ಹೋಗುವುದು ಬೇಡ, ನಮ್ಮ ತುಂಗಭದ್ರೆಯನ್ನೇ ನೋಡೋಣ. ಮಳೆಗಾಲದಲ್ಲಿ ಹೊಳೆ ಏರುತ್ತದೆ. ಒಂದು ಗೇಣು ಏರಬಹುದು, ಒಂದು ಗೇಣಿನ ಮೇಲೆ ಕೂದಲೆಳೆಯಷ್ಟು ಏರಬಹುದು. ಅದರ ಏರಿಕೆಯಲ್ಲಿ ಎಲ್ಲಿಯೂ ಮೆಟ್ಟಿಲುಗಳಿಲ್ಲ. ಇದು ಅನಲಾಗ್. ಆದರೆ ಸಾರಥಿಯಿಂದ ಚಿಕ್ಕಬಿದರಿಗೆ ಹೋಗುವವರು ಕೇಳುವುದು ಒಂದೇ ಪ್ರಶ್ನೆ: ರಸ್ತೆ ಮುಳುಗಿದೆಯೋ ಇಲ್ಲವೋ? ಅದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ. ಇದು ಡಿಜಿಟಲ್. ಕಂಪ್ಯೂಟರ್ ಈ ಹೌದು ಇಲ್ಲಗಳನ್ನೇ ಒಂದು ಮತ್ತು ಸೊನ್ನೆ ಎಂದು ಬರೆದುಕೊಂಡು ಲೆಕ್ಕ ಹಾಕುತ್ತದೆ. ಆದರೆ ರಸ್ತೆಯ ಸುದ್ದಿ ಹೇಳಬೇಕಾದರೂ ಯಾರಾದರೂ ಒಬ್ಬರು ಹೊಳೆಯ ದಂಡೆಗೆ ಹೋಗಿ ನೀರಿನ ಮಟ್ಟವನ್ನು ನೋಡಲೇಬೇಕಲ್ಲವೇ?

ನಮ್ಮ ಧ್ವನಿ, ಬೆಳಕು, ಶಾಖ, ಹೃದಯದ ಬಡಿತ ಇವೆಲ್ಲ ಹೊಳೆಯ ನೀರಿನ ಹಾಗೆ ಅನಲಾಗ್ ಆಗಿಯೇ ಇವೆ. ಕಿಯಾಮತ್‌ವರೆಗೂ ಹಾಗೆಯೇ ಇರುತ್ತವೆ. ಇಸಿಜಿ ಯಂತ್ರ ನಮ್ಮ ಎದೆಯ ಮೇಲಿಂದ ಹಿಡಿಯುವ ಸಂಕೇತ ಸುಮಾರು 1 ಮಿಲಿವೋಲ್ಟ್, ಅಂದರೆ ವೋಲ್ಟಿನ ಸಾವಿರದ ಒಂದು ಭಾಗ. ಮೊಬೈಲಿನ ಆಂಟೆನಾಕ್ಕೆ ಟವರಿನಿಂದ ಬರುವ ಸಂಕೇತ ಅದಕ್ಕಿಂತಲೂ ಬಹಳ ಕ್ಷೀಣ. ಅದನ್ನು ಹಿಡಿದು, ಹಿಗ್ಗಿಸಿ, ಅಳೆದು, ಅಂಕಿಯಾಗಿ ಬದಲಿಸಿ ಕಂಪ್ಯೂಟರಿಗೆ ಒಪ್ಪಿಸುವ ಕೆಲಸ ಅನಲಾಗ್ ಸರ್ಕ್ಯೂಟಿನದು. ಡಿಜಿಟಲ್ ಎಷ್ಟೇ ಬೆಳೆದರೂ ಹೊಳೆಯ ದಂಡೆಯಲ್ಲಿ ನಿಲ್ಲುವ ಈ ಮನುಷ್ಯ ಬೇಕೇ ಬೇಕು. "ಎಲ್ಲಾ ಡಿಜಿಟಲ್" ಎಂದು ಆ ದಿನ ನಾನು ಹೇಳಿದ್ದು ಅರ್ಧ ಸತ್ಯ ಮಾತ್ರ.

ಈಗ ಚಿಪ್ ಚಿಕ್ಕದಾಗುವ ಕಥೆಗೆ ಬರೋಣ. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಾಕ್ ಕಿಲ್ಬಿ ಒಂದೇ ತುಂಡಿನಲ್ಲಿ ಇಡೀ ಸರ್ಕ್ಯೂಟನ್ನು ಮಾಡಿ ತೋರಿಸಿದರು. ಚಿಪ್ ಮೇಲಿನ ಭಾಗಗಳ ಸಂಖ್ಯೆ ನಿಯತವಾಗಿ ದುಪ್ಪಟ್ಟಾಗುತ್ತ ಹೋಗುತ್ತದೆಂದು ಗಾರ್ಡನ್ ಮೂರ್ 1965ರಲ್ಲಿ ಬರೆದರು. 1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರ್‌ಗಳಿದ್ದವು. ಅದರ ತಂತ್ರದ ಅಳತೆ 10 ಮೈಕ್ರೋಮೀಟರ್. ಇಂದು ಒಂದು ಒಳ್ಳೆಯ ಮೊಬೈಲಿನ ಮುಖ್ಯ ಚಿಪ್‌ನಲ್ಲಿ ಒಂದು ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್‌ಗಳಿವೆ. ಈಗ 5 ನ್ಯಾನೋಮೀಟರ್, 3 ನ್ಯಾನೋಮೀಟರ್ ಎಂದು ಹೇಳುತ್ತಾರೆ. ಅದು ಆ ಪೀಳಿಗೆಯ ಹೆಸರೇ ಹೊರತು ಚಿಪ್‌ನೊಳಗಿನ ಯಾವುದೋ ಒಂದು ಭಾಗದ ನಿಜವಾದ ಅಳತೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಚಿಕ್ಕದಾದುದರಿಂದ ಡಿಜಿಟಲ್‌ಗೆ ಲಾಭವೇ ಲಾಭ. ವೇಗ ಹೆಚ್ಚುತ್ತದೆ, ಒಂದೊಂದು ಟ್ರಾನ್ಸಿಸ್ಟರ್ ತಿನ್ನುವ ವಿದ್ಯುತ್ ಕಡಿಮೆಯಾಗುತ್ತದೆ, ಅದೇ ಜಾಗದಲ್ಲಿ ಹೆಚ್ಚು ಕೆಲಸ ಆಗುತ್ತದೆ. ಟ್ರಾನ್ಸಿಸ್ಟರನ್ನು ಎಷ್ಟು ಕುಗ್ಗಿಸುತ್ತೇವೋ ವೋಲ್ಟೇಜನ್ನೂ ಅಷ್ಟೇ ಪ್ರಮಾಣದಲ್ಲಿ ಇಳಿಸಬೇಕು ಎಂಬ ಲೆಕ್ಕವನ್ನು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಕೊಟ್ಟರು. ಆದರೆ ಅನಲಾಗ್ ವಿಷಯದಲ್ಲಿ ಹಾಗಲ್ಲ. ಅಲ್ಲಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು. ಆ ಕಷ್ಟಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಮಾಡಿನ ಎತ್ತರದ ಕಷ್ಟ. ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಮೊದಲು ಮುಟ್ಟುವ ಅನಲಾಗ್ ಚಿಪ್ ಎಂದರೆ 741. ಅದು 1968ರಲ್ಲಿ ಬಂದದ್ದು. ಅದಕ್ಕೆ ಪ್ಲಸ್ 15, ಮೈನಸ್ 15 ವೋಲ್ಟ್ ಕೊಡುತ್ತಾರೆ. ಅಂದರೆ ಒಟ್ಟು 30 ವೋಲ್ಟಿನ ಎತ್ತರದ ಮನೆ. ಮುಂದೆ ಚಿಪ್‌ಗಳ ವೋಲ್ಟೇಜ್ 5ಕ್ಕೆ ಬಂತು. 0.35 ಮೈಕ್ರೋಮೀಟರ್ ತಂತ್ರದಲ್ಲಿ 3.3, 0.18ರಲ್ಲಿ 1.8, 65 ನ್ಯಾನೋಮೀಟರ್ ಹೊತ್ತಿಗೆ ಸುಮಾರು 1 ವೋಲ್ಟ್. ಇತ್ತೀಚಿನ ಪೀಳಿಗೆಗಳಲ್ಲಿ ಅದಕ್ಕಿಂತಲೂ ಕಡಿಮೆ. ಆದರೆ ಟ್ರಾನ್ಸಿಸ್ಟರ್ ತೆರೆದುಕೊಳ್ಳಲು ಕನಿಷ್ಠ ಇಷ್ಟು ವೋಲ್ಟೇಜ್ ಬೇಕೆಂಬ ಒಂದು ಮಿತಿ ಇದೆ. ಅದನ್ನು ಹೊಸ್ತಿಲು ವೋಲ್ಟೇಜ್ ಎನ್ನೋಣ. ಮಾಡು ಇಳಿದಷ್ಟು ಈ ಹೊಸ್ತಿಲು ಇಳಿಯಲಿಲ್ಲ. ಇಳಿಸಲು ಹೋದರೆ ಮುಚ್ಚಿದ ನಲ್ಲಿಯಿಂದ ನೀರು ಸೋರಿದ ಹಾಗೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ಕರೆಂಟ್ ಸೋರುತ್ತದೆ. ಹೊಸ್ತಿಲನ್ನು 60ರಿಂದ 100 ಮಿಲಿವೋಲ್ಟ್ ಇಳಿಸಿದರೆ ಸೋರಿಕೆ ಸುಮಾರು 10 ಪಟ್ಟಾಗುತ್ತದೆ. ಹಾಗಾಗಿ ಮಾಡು ತಲೆಯ ಹತ್ತಿರ ಬಂತು, ಹೊಸ್ತಿಲು ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. ಮೊದಲು ನಾಲ್ಕೈದು ಟ್ರಾನ್ಸಿಸ್ಟರ್‌ಗಳನ್ನು ಒಂದರ ಮೇಲೊಂದು ಪೇರಿಸಿ ನಿಖರವಾದ ಸರ್ಕ್ಯೂಟ್ ಮಾಡುತ್ತಿದ್ದರು. ಈಗ ಅಷ್ಟು ಪೇರಿಸಲು ಜಾಗವಿಲ್ಲ. ಬಗ್ಗಿ ನಡೆಯುವುದನ್ನು ಕಲಿಯಬೇಕು.

ಎರಡನೆಯದು ಸಂತೆಯ ಗದ್ದಲದ ಕಷ್ಟ. ವೋಲ್ಟೇಜ್ ಇಳಿದರೆ ಸಂಕೇತವೂ ಸಣ್ಣದಾಗುತ್ತದೆ. ಆದರೆ ವಸ್ತುವಿನಲ್ಲಿರುವ ಶಾಖದಿಂದ ಎಲೆಕ್ಟ್ರಾನ್‌ಗಳು ಸದಾ ಕದಲುತ್ತ ಒಂದು ಗದ್ದಲ ಎಬ್ಬಿಸುತ್ತಲೇ ಇರುತ್ತವೆ. ಅದು ಕಡಿಮೆಯಾಗುವುದಿಲ್ಲ. 1 ಪಿಕೋಫ್ಯಾರಡ್ ಕೆಪಾಸಿಟರ್‌ನಲ್ಲಿ ಕೋಣೆಯ ಉಷ್ಣತೆಯಲ್ಲಿ ಈ ಗದ್ದಲ ಸುಮಾರು 64 ಮೈಕ್ರೋವೋಲ್ಟ್. ಸಂತೆಯ ಗದ್ದಲ ಮೊದಲಿನಷ್ಟೇ ಇದ್ದು ನಮ್ಮ ದನಿ ಮಾತ್ರ ಅರ್ಧವಾದರೆ ಏನಾಗುತ್ತದೆ? ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಬೇಕಾದರೆ ಗದ್ದಲವನ್ನೂ ಅರ್ಧಕ್ಕೆ ಇಳಿಸಬೇಕು. ಅದಕ್ಕೆ ಕೆಪಾಸಿಟರನ್ನು ನಾಲ್ಕು ಪಟ್ಟು ದೊಡ್ಡದು ಮಾಡಬೇಕು. ಚಿಪ್ ಚಿಕ್ಕದಾಗಲಿ ಎಂದು ಹೊರಟವರು ಅದರ ಒಂದು ಭಾಗವನ್ನು ದೊಡ್ಡದು ಮಾಡಬೇಕಾಗಿ ಬರುತ್ತದೆ. ಇದು ಸಾಲದೆಂಬಂತೆ, ಅದೇ ಚಿಪ್‌ನ ಡಿಜಿಟಲ್ ಭಾಗ ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಒಂದು ಸೊನ್ನೆ, ಒಂದು ಸೊನ್ನೆ ಎಂದು ಬಡಿದುಕೊಳ್ಳುತ್ತಿರುತ್ತದೆ. ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ಇದ್ದಂತೆ ಅದರ ಅದುರು ನೆಲದ ಮೂಲಕ ಅನಲಾಗ್ ಭಾಗಕ್ಕೆ ಮುಟ್ಟುತ್ತದೆ.

ಮೂರನೆಯದು ಒಂದೊಂದು ಟ್ರಾನ್ಸಿಸ್ಟರಿನ ಬಲ ಕುಗ್ಗುವುದು. ಸಂಕೇತವನ್ನು ಹಿಗ್ಗಿಸುವುದು ಅನಲಾಗ್‌ನ ಮೂಲ ಕೆಲಸ. 741ರ ಒಳಗಿನ ಟ್ರಾನ್ಸಿಸ್ಟರ್‌ಗಳು ಸೇರಿ ಒಂದು ಸಂಕೇತವನ್ನು ಸುಮಾರು 2 ಲಕ್ಷ ಪಟ್ಟು ಹಿಗ್ಗಿಸಬಲ್ಲವು. ಟ್ರಾನ್ಸಿಸ್ಟರ್ ಗಿಡ್ಡವಾದಂತೆ ಅದರ ಒಂದು ತುದಿಯ ವೋಲ್ಟೇಜ್ ಇನ್ನೊಂದು ತುದಿಯವರೆಗೆ ಪ್ರಭಾವ ಬೀರತೊಡಗುತ್ತದೆ. ಆಗ ಅದರ ಹಿಗ್ಗಿಸುವ ಶಕ್ತಿ ಬೀಳುತ್ತದೆ. ಹಳೆಯ ಉದ್ದ ಟ್ರಾನ್ಸಿಸ್ಟರ್ ಒಂದೇ ಮಾಡುತ್ತಿದ್ದ ಕೆಲಸಕ್ಕೆ ಈಗ ಎರಡು ಮೂರು ಹಂತಗಳು ಬೇಕು. ಹಂತ ಹೆಚ್ಚಾದಂತೆ ಸರ್ಕ್ಯೂಟ್ ತಾನಾಗಿಯೇ ಊಳಿಡುವ ಅಪಾಯವಿದೆ. ಸಭೆಯಲ್ಲಿ ಮೈಕ್ ಮತ್ತು ಸ್ಪೀಕರ್ ಎದುರುಬದುರಾದಾಗ ಕೀ ಎಂದು ಕೂಗುತ್ತದಲ್ಲ, ಅದೇ ರೀತಿ.

ನಾಲ್ಕನೆಯದೇ ಆ ಹುಡುಗ ತೋರಿಸಿದ ತಕ್ಕಡಿ. ಅನಲಾಗ್ ಸರ್ಕ್ಯೂಟಿನ ಹೃದಯದಲ್ಲಿ ಇರುವುದು ಒಂದು ಜೋಡಿ ಟ್ರಾನ್ಸಿಸ್ಟರ್. ಒಂದು ಕಡೆ ಅಳೆಯಬೇಕಾದ ಸಂಕೇತ, ಇನ್ನೊಂದು ಕಡೆ ಹೋಲಿಸುವ ಸಂಕೇತ. ತಕ್ಕಡಿಯ ಎರಡು ತಟ್ಟೆಗಳ ಹಾಗೆ ಎರಡೂ ಸಮನಾಗಿದ್ದರೆ ಮಾತ್ರ ಮುಳ್ಳು ನಿಜ ಹೇಳುತ್ತದೆ. ಚಿಕ್ಕದಾದಂತೆ ಈ ಸಮಾನತೆ ಕೆಡುತ್ತದೆ. ಏಕೆ? ಸಿಲಿಕಾನ್‌ಗೆ ಬೇರೆ ಧಾತುವಿನ ಪರಮಾಣುಗಳನ್ನು ಬೆರೆಸಿ ಟ್ರಾನ್ಸಿಸ್ಟರ್ ಮಾಡುತ್ತಾರೆ. ಆ ಪರಮಾಣುಗಳು ಹೊಲದಲ್ಲಿ ಎರಚಿದ ಬೀಜದಂತೆ ಎಲ್ಲೆಂದರಲ್ಲಿ ಬೀಳುತ್ತವೆ. 10,000 ಕಾಳು ಬೀಳಬೇಕಾದ ಎರಡು ಮಡಿಗಳಲ್ಲಿ ಸಾಮಾನ್ಯವಾಗಿ ಸುಮಾರು 100 ಕಾಳು ಹೆಚ್ಚು ಕಡಿಮೆಯಾಗುತ್ತದೆ. ಅಂದರೆ ನೂರಕ್ಕೆ ಒಂದು. 100 ಕಾಳು ಬೀಳಬೇಕಾದ ಪುಟ್ಟ ಮಡಿಗಳಲ್ಲಿ ಸುಮಾರು 10 ಹೆಚ್ಚು ಕಡಿಮೆ. ಅಂದರೆ ನೂರಕ್ಕೆ ಹತ್ತು. ಮಡಿ ಚಿಕ್ಕದಾದಷ್ಟೂ ಪಕ್ಕಪಕ್ಕದ ಎರಡು ಮಡಿಗಳ ಅಂತರ ಹೆಚ್ಚುತ್ತದೆ.

ಹರಿಹರದವರಿಗೆ ಇದನ್ನು ಬೇರೆ ರೀತಿಯಲ್ಲಿಯೂ ಹೇಳಬಹುದು. 1941ರಲ್ಲಿ ಇಲ್ಲಿ ಪ್ರಾರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿ ದುಡಿದ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರನ್ನು ಕೇಳಿ. 100 ಮಿಲಿಮೀಟರ್ ದಂಡದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ವ್ಯತ್ಯಾಸ ಬಂದರೆ ಅದು ಸಾವಿರಕ್ಕೆ ಒಂದು. ಅದೇ ವ್ಯತ್ಯಾಸ 1 ಮಿಲಿಮೀಟರ್ ಸೂಜಿಯಲ್ಲಿ ಬಂದರೆ ಹತ್ತಕ್ಕೆ ಒಂದು. ಈ ವಿಷಯಕ್ಕೆ ಫಿಲಿಪ್ಸ್ ಸಂಸ್ಥೆಯ ಮಾರ್ಸೆಲ್ ಪೆಲ್‌ಗ್ರಾಮ್ ಮತ್ತು ಸಂಗಡಿಗರು 1989ರಲ್ಲಿ ಒಂದು ಸರಳ ನಿಯಮ ಕೊಟ್ಟರು. ಟ್ರಾನ್ಸಿಸ್ಟರ್ ಜೋಡಿಯ ಅಸಮಾನತೆ ಅದರ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಅಂದರೆ ತಪ್ಪನ್ನು ಅರ್ಧ ಮಾಡಬೇಕಾದರೆ ವಿಸ್ತೀರ್ಣ ನಾಲ್ಕು ಪಟ್ಟು ಬೇಕು. 0.18 ಮೈಕ್ರೋಮೀಟರ್ ತಂತ್ರದಲ್ಲಿ ಒಂದು ಚದರ ಮೈಕ್ರೋಮೀಟರ್ ಗಾತ್ರದ ಜೋಡಿಯಲ್ಲಿ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ಹೌದು ಇಲ್ಲ ಎನ್ನುವ ಡಿಜಿಟಲ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ 1 ಮಿಲಿವೋಲ್ಟಿನ ಹೃದಯದ ಸಂಕೇತವನ್ನು ಅಳೆಯುವ ತಕ್ಕಡಿಯಲ್ಲಿಯೇ ಕೆಲವು ಮಿಲಿವೋಲ್ಟ್ ವಕ್ರ ಇದ್ದರೆ ವೈದ್ಯರು ಏನನ್ನು ನಂಬಬೇಕು?

ಹಾಗಾದರೆ ಅನಲಾಗನ್ನು ಹಳೆಯ ದೊಡ್ಡ ಚಿಪ್‌ನಲ್ಲಿಯೇ ಮಾಡಬಾರದೇ ಎಂದು ತಾವು ಕೇಳಬಹುದು. ಅನೇಕ ಕಡೆ ಹಾಗೆಯೇ ಮಾಡುತ್ತಾರೆ. ಆದರೆ ಮೊಬೈಲಿನಂತಹ ವಸ್ತುವಿನಲ್ಲಿ ಜಾಗ, ಬೆಲೆ, ಬ್ಯಾಟರಿ ಎಲ್ಲವನ್ನೂ ಉಳಿಸಲು ಬಹಳಷ್ಟನ್ನು ಒಂದೇ ಚಿಪ್‌ನಲ್ಲಿ ಸೇರಿಸುತ್ತಾರೆ. ಆ ಚಿಪ್‌ನ ಗಾತ್ರವನ್ನು ನಿರ್ಧರಿಸುವುದು ಡಿಜಿಟಲ್. ಅನಲಾಗ್ ಆ ಮನೆಯಲ್ಲಿ ಹೊಂದಿಕೊಂಡು ಬಾಳಬೇಕು.

ಇಲ್ಲಿಯೇ ಮನುಷ್ಯನ ಬುದ್ಧಿಗೆ ಕೆಲಸ. ಉರ್ದುವಿನಲ್ಲಿ 'ಪಾಸಂಗ್' ಎಂಬ ಒಂದು ಪದವಿದೆ. ತಕ್ಕಡಿಯ ಒಂದು ತಟ್ಟೆ ಹಗುರವಾಗಿದ್ದರೆ ಅದನ್ನು ಸರಿದೂಗಿಸಲು ಕಟ್ಟುವ ಸಣ್ಣ ತೂಕವೇ ಪಾಸಂಗ್. ಚಿಪ್ ವಿನ್ಯಾಸಗಾರರು ಮಾಡುವುದೂ ಇದನ್ನೇ. ಅಳೆಯುವ ಮೊದಲು ಎರಡು ತಟ್ಟೆಗಳನ್ನೂ ಖಾಲಿ ಬಿಟ್ಟು ಮುಳ್ಳು ಎಷ್ಟು ವಾಲಿದೆ ಎಂದು ಸರ್ಕ್ಯೂಟೇ ನೋಡಿಕೊಳ್ಳುತ್ತದೆ. ಆ ತಪ್ಪನ್ನು ನೆನಪಿಟ್ಟುಕೊಂಡು ಮುಂದಿನ ಅಳತೆಯಿಂದ ಕಳೆಯುತ್ತದೆ. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಇನ್ನೊಂದು ಉಪಾಯವೂ ಹಳೆಯದೇ. ಸಾಮಾನನ್ನು ಒಮ್ಮೆ ಎಡ ತಟ್ಟೆಯಲ್ಲಿ, ಒಮ್ಮೆ ಬಲ ತಟ್ಟೆಯಲ್ಲಿ ಇಟ್ಟು ತೂಗಿ ಸರಾಸರಿ ತೆಗೆದರೆ ತಕ್ಕಡಿಯ ವಕ್ರ ಕಳೆದುಹೋಗುತ್ತದೆ. ಚಿಪ್‌ನೊಳಗೆ ಒಂದು ಸೆಕೆಂಡಿಗೆ ಸಾವಿರಾರು ಸಲ ಹೀಗೆ ತಟ್ಟೆ ಬದಲಿಸುತ್ತಾರೆ. ಅದಕ್ಕೆ ಚಾಪಿಂಗ್ ಎಂದು ಹೆಸರು.

ಮೂರನೆಯ ಉಪಾಯ ಕೂರಿಸುವ ಕ್ರಮದ್ದು. ಜೋಡಿಯ ಒಂದೊಂದು ಟ್ರಾನ್ಸಿಸ್ಟರನ್ನೂ ಎರಡು ತುಂಡು ಮಾಡಿ, ಅ, ಆ, ಆ, ಅ ಎಂಬ ಕ್ರಮದಲ್ಲಿ ಕೂರಿಸುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಕಿಟಕಿಯ ಬಿಸಿಲು ಒಂದೇ ಶಾಲೆಯ ಮಕ್ಕಳ ಮೇಲೆ ಬೀಳದಂತೆ ಕೂರಿಸಿದ ಹಾಗೆ, ಚಿಪ್‌ನ ಒಂದು ಬದಿಯ ಬಿಸಿಯಾಗಲಿ ವ್ಯತ್ಯಾಸವಾಗಲಿ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ. ನಾಲ್ಕನೆಯದು ನೆರೆಯವನ ನೆರವು ಪಡೆಯುವುದು. ಡಿಜಿಟಲ್ ಭಾಗ ಅಗ್ಗ ಮತ್ತು ವೇಗ ಆಗಿರುವುದರಿಂದ ಅನಲಾಗ್ ಭಾಗ ಒರಟಾಗಿ ಅಳೆದು ಕೊಟ್ಟದ್ದನ್ನು ಡಿಜಿಟಲ್ ಭಾಗ ಲೆಕ್ಕ ಹಾಕಿ ತಿದ್ದುತ್ತದೆ. ಗಿರಣಿಯ ಗದ್ದಲ ಮಾಡುವ ಆ ನೆರೆಮನೆಯವನೇ ಕಷ್ಟಕಾಲದಲ್ಲಿ ನೆರವಾಗುತ್ತಾನೆ.

2012ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್‌ನ 22 ನ್ಯಾನೋಮೀಟರ್ ಚಿಪ್‌ಗಳಿಂದ ಈಚೆಗೆ ಟ್ರಾನ್ಸಿಸ್ಟರಿನ ಆಕಾರವೇ ಬದಲಾಯಿತು. ಮೀನಿನ ಬೆನ್ನಿನ ಈಜುರೆಕ್ಕೆಯಂತೆ ಸಿಲಿಕಾನ್ ಎದ್ದು ನಿಲ್ಲುವ ಇವುಗಳಿಗೆ ಫಿನ್‌ಫೆಟ್ ಎನ್ನುತ್ತಾರೆ. ಇವುಗಳಲ್ಲಿ ಸೋರಿಕೆ ಕಡಿಮೆಯಾಯಿತು, ಹಿಗ್ಗಿಸುವ ಶಕ್ತಿಯೂ ಸ್ವಲ್ಪ ಮರಳಿತು. ಆದರೆ ಹೊಸ ಕಟ್ಟುಪಾಡು ಬಂತು. ಮೊದಲು ಟ್ರಾನ್ಸಿಸ್ಟರಿನ ಅಗಲವನ್ನು ಬೇಕಾದಷ್ಟು ಇಟ್ಟುಕೊಳ್ಳಬಹುದಿತ್ತು. ಈಗ ಎರಡು ರೆಕ್ಕೆ ಇಲ್ಲವೇ ಮೂರು ರೆಕ್ಕೆ, ಎರಡೂವರೆ ಇಲ್ಲ. ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಳ್ಳುತ್ತಿದ್ದ ದರ್ಜಿಗೆ ಇನ್ನು ಮುಂದೆ ಇಡೀ ಕರ್ಚೀಫುಗಳನ್ನು ಜೋಡಿಸಿಯೇ ಅಂಗಿ ಹೊಲಿ ಎಂದಂತೆ ಆಯಿತು. ಪ್ರತಿ ಪೀಳಿಗೆಯಲ್ಲೂ ಹೀಗೆ ಹಳೆಯ ಸರ್ಕ್ಯೂಟನ್ನು ಹೊಸದಾಗಿ ಯೋಚಿಸಬೇಕಾಗುತ್ತದೆ. ಡಿಜಿಟಲ್ ಸರ್ಕ್ಯೂಟಿನ ಬಹುಭಾಗವನ್ನು ಸಾಫ್ಟ್‌ವೇರೇ ಹೊಸ ಅಳತೆಗೆ ಇಳಿಸಿಕೊಡುತ್ತದೆ. ಅನಲಾಗ್‌ನಲ್ಲಿ ಇಂದಿಗೂ ಬಹುಪಾಲು ಮನುಷ್ಯನೇ ಕುಳಿತು ಯೋಚಿಸಬೇಕು.

ಸಭಿಕರೇ, ಈ ತಕ್ಕಡಿಯ ಮಾತು ನಮಗೆ ಹೊಸದಲ್ಲ. ಅಳತೆ ತೂಕದಲ್ಲಿ ಮೋಸ ಮಾಡಬಾರದೆಂದು ನಮ್ಮ ಧರ್ಮ ಕಟ್ಟುನಿಟ್ಟಾಗಿ ಹೇಳುತ್ತದೆ. 1121ರ ಸುಮಾರಿನಲ್ಲಿ ಮರ್ವ್ ಪಟ್ಟಣದಲ್ಲಿ ಅಲ್ ಖಾಜಿನಿ ಎಂಬ ವಿದ್ವಾಂಸರು ತಕ್ಕಡಿಯ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಅದರ ಹೆಸರು 'ಮೀಜಾನುಲ್ ಹಿಕ್ಮ'. ಲೋಹ ಶುದ್ಧವೋ ಬೆರಕೆಯೋ ಎಂಬುದನ್ನು ನೀರಿನಲ್ಲಿ ತೂಗಿ ಕಂಡುಹಿಡಿಯುವ ತಕ್ಕಡಿಯನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಇಂತಹವರ ಹೆಸರನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಅವರು ಹಿಡಿದ ತಕ್ಕಡಿಯನ್ನು ಇಂದು ಯಾರು ಹಿಡಿದಿದ್ದಾರೆ ಎಂದೂ ಕೇಳಿಕೊಳ್ಳಬೇಕು.

ಅದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆಯಿತು. ಅಲ್ಲಿ ದುಡಿದು ಕಲಿತ ಇಂಜಿನಿಯರುಗಳು 2005ರಲ್ಲಿ ಬೆಂಗಳೂರಿನಲ್ಲಿಯೇ ಕಾಸ್ಮಿಕ್ ಸರ್ಕ್ಯೂಟ್ಸ್ ಎಂಬ ಕಂಪನಿ ಕಟ್ಟಿದರು. ಇಂದು ನಾನು ಹೇಳುತ್ತಿರುವ ವಿಷಯವೇ ಅವರ ಕಸುಬಾಗಿತ್ತು. 40, 28 ನ್ಯಾನೋಮೀಟರ್‌ನಂತಹ ಸಣ್ಣ ತಂತ್ರಗಳಲ್ಲಿ ಅನಲಾಗ್ ಭಾಗಗಳನ್ನು ವಿನ್ಯಾಸ ಮಾಡಿ ಚಿಪ್ ಕಂಪನಿಗಳಿಗೆ ಕೊಡುತ್ತಿದ್ದರು. 2013ರಲ್ಲಿ ಅಮೆರಿಕದ ಕೇಡೆನ್ಸ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಅದೇ 2005ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದ ವಿವೇಕ್ ಪವಾರ್ ಅವರು ಹುಬ್ಬಳ್ಳಿಯಲ್ಲಿ ಸಂಕಲ್ಪ್ ಸೆಮಿಕಂಡಕ್ಟರ್ ಎಂಬ ಕಂಪನಿ ಪ್ರಾರಂಭಿಸಿದರು. ಅದರ ಕೆಲಸವೂ ಅನಲಾಗ್ ಮತ್ತು ಮಿಶ್ರ ಸಂಕೇತ ಚಿಪ್‌ಗಳ ವಿನ್ಯಾಸವೇ. 2019ರಲ್ಲಿ ಎಚ್‌ಸಿಎಲ್ ಅದನ್ನು ತನ್ನದಾಗಿಸಿಕೊಂಡಿತು. ಹರಿಹರದಲ್ಲಿ ರೈಲು ಹತ್ತಿದರೆ ರಾಣೆಬೆನ್ನೂರು, ಹಾವೇರಿ ದಾಟಿದ ಮೇಲೆ ಸಿಗುವ ಊರು ಹುಬ್ಬಳ್ಳಿ. ಜಗತ್ತಿನ ಚಿಪ್‌ಗಳ ತಕ್ಕಡಿ ನಮ್ಮ ಇಷ್ಟು ಹತ್ತಿರ ತೂಗುತ್ತಿದ್ದುದು ಮೇಷ್ಟ್ರಾದ ನನಗೇ ಗೊತ್ತಿರಲಿಲ್ಲ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆಯ ಚಿಪ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಅಲ್ಲಿಗೆ ಯೋಜಿಸಿರುವ ತಂತ್ರಗಳು 28ರಿಂದ 110 ನ್ಯಾನೋಮೀಟರ್‌ವರೆಗಿನವು. ಅಂದರೆ ಎಲ್ಲರೂ 3 ನ್ಯಾನೋಮೀಟರ್ ಹಿಂದೆಯೇ ಓಡುತ್ತಿಲ್ಲ. ಅನಲಾಗ್ ಬಲ್ಲವರಿಗೆ ದೊಡ್ಡ ಅಳತೆಯಲ್ಲೂ ಕೆಲಸವಿದೆ, ಸಣ್ಣ ಅಳತೆಯಲ್ಲೂ ಕೆಲಸವಿದೆ.

ಈಗ ನನ್ನ ಇನ್ನೊಂದು ತಪ್ಪು. ಇದನ್ನು ಹೇಳುವುದು ಕಷ್ಟ. ಆ ಹುಡುಗ ನನ್ನ ಮಾತು ಕೇಳಲಿಲ್ಲ, ಗೆದ್ದ. ಆದರೆ ನನ್ನ ಮಾತು ಕೇಳಿದ ವಿದ್ಯಾರ್ಥಿನಿಯೊಬ್ಬಳಿದ್ದಳು. ಉರ್ದು ಮಾಧ್ಯಮದವಳು. ಗಣಿತದಲ್ಲಿ ತರಗತಿಗೇ ಮೊದಲು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲೇ ಎಂದು ಕೇಳಿದಾಗ, "ಎಲ್ಲಾ ಇಂಗ್ಲಿಷಿನಲ್ಲಿ ಇರ್ತದಮ್ಮ, ನಿನಗೆ ಕಷ್ಟ ಆಗ್ತದೆ" ಎಂದೆ. ಅವಳು ಎದುರು ಮಾತಾಡಲಿಲ್ಲ. ವಿಜ್ಞಾನ ಬಿಟ್ಟಳು. ಅವಳಿಗೆ ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ನಾನು ನಂಬಿದ್ದೆ. ಈಗ ಯೋಚಿಸಿದರೆ ಕಷ್ಟ ಅವಳದ್ದಾಗಿರಲಿಲ್ಲ, ಭಯ ನನ್ನದಾಗಿತ್ತು. ನಮ್ಮ ಮಗು ಉರ್ದುವಿನಲ್ಲಿ 'ಬರ್ಕಿ ರೌ' ಎಂದು ಓದುತ್ತದೆ, ಕನ್ನಡದಲ್ಲಿ 'ವಿದ್ಯುತ್ ಪ್ರವಾಹ' ಎಂದು ಓದುತ್ತದೆ, ಕಾಲೇಜಿನಲ್ಲಿ 'ಕರೆಂಟ್' ಎಂದು ಕೇಳುತ್ತದೆ. 'ಮುಝಾಹಮತ್', 'ರೋಧ', 'ರೆಸಿಸ್ಟೆನ್ಸ್' ಮೂರೂ ಒಂದೇ. ಹೆಸರು ಮೂರಾದರೂ ಓಮನ ನಿಯಮ ಒಂದೇ. ಈ ಮಾತನ್ನು ಅವಳಿಗೆ ಹೇಳಬೇಕಾದವನು ಎರಡೂ ಭಾಷೆ ಕಲಿಸುವ ನಾನೇ ಆಗಿದ್ದೆ. ಹೇಳಲಿಲ್ಲ.

ಆದ್ದರಿಂದ ಸಂಘದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಒಂದು, ಎಂಟರಿಂದ ಹತ್ತನೇ ತರಗತಿವರೆಗಿನ ವಿಜ್ಞಾನ ಮತ್ತು ಗಣಿತದ ಪದಗಳ ಉರ್ದು, ಕನ್ನಡ, ಇಂಗ್ಲಿಷ್ ಪಟ್ಟಿಯೊಂದನ್ನು ಪುಸ್ತಕವಾಗಿ ತರೋಣ. ಆ ಕೆಲಸ ನಾನು ಮಾಡುತ್ತೇನೆ, ಕೂಲಿ ಬೇಡ. ಎರಡು, ಶಾಲೆಗಳಿಗೆ ಕಂಪ್ಯೂಟರ್ ಕೊಡುವಾಗ ಜೊತೆಗೆ ಒಂದು ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಕೆಲವು ರೆಸಿಸ್ಟರ್, ಕೆಪಾಸಿಟರ್, ಒಂದೆರಡು 741 ಚಿಪ್‌ಗಳನ್ನೂ ಕೊಡೋಣ. ಇವೆಲ್ಲ ಸೇರಿದರೂ ದೊಡ್ಡ ಖರ್ಚಲ್ಲ. ಮೂರು, ದಾವಣಗೆರೆಯಲ್ಲಿ 1951ರಿಂದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಇದೆ, 1979ರಿಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳು ತಿಂಗಳಿಗೆ ಒಂದು ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಮಾಡಲಿ. ನಾಲ್ಕು, ಹೆಣ್ಣುಮಕ್ಕಳು ವಿಜ್ಞಾನ ಓದಲು ಬಯಸಿದರೆ ಬೇಡ ಎನ್ನುವ ಮೊದಲು ಪೋಷಕರು ಮತ್ತು ನಮ್ಮಂತಹ ಮೇಷ್ಟ್ರುಗಳು ಒಂದು ವಾರ ಸುಮ್ಮನಿದ್ದು ಯೋಚಿಸೋಣ.

ಕಾಲೇಜಿನ ವಿದ್ಯಾರ್ಥಿಗಳಿಗೆ ಎರಡು ಮಾತು. ಐಐಟಿ ಮದರಾಸಿನ ಪ್ರಾಧ್ಯಾಪಕರಾದ ನಾಗೇಂದ್ರ ಕೃಷ್ಣಾಪುರ, ಶಾಂತಿ ಪವನ್ ಮುಂತಾದವರ ಅನಲಾಗ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಐಐಟಿ ಮುಂಬಯಿಯ ಫಾಸಿ ಯೋಜನೆಯವರು ಈಸಿಮ್ ಎಂಬ ಉಚಿತ ಸಾಫ್ಟ್‌ವೇರ್ ಕೊಟ್ಟಿದ್ದಾರೆ. ಮನೆಯ ಕಂಪ್ಯೂಟರಿನಲ್ಲಿಯೇ ಸರ್ಕ್ಯೂಟ್ ಬರೆದು ಪರೀಕ್ಷಿಸಬಹುದು. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸಂಸ್ಥೆಗಳು 130 ನ್ಯಾನೋಮೀಟರ್ ತಂತ್ರದ ವಿನ್ಯಾಸ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟವು. ಹಣವಿಲ್ಲ ಎಂಬ ಕಾರಣ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ. ಆದರೆ ತಾಳ್ಮೆ ಬೇಕು. ಅನಲಾಗ್ ಆರು ತಿಂಗಳ ಕೋರ್ಸಿನಲ್ಲಿ ಬರುವ ವಿದ್ಯೆಯಲ್ಲ. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಉತ್ತರ ಎಷ್ಟು ಬರಬೇಕೆಂದು ಅಂದಾಜು ಮಾಡುವವನಿಗೆ ಮಾತ್ರ ಅದು ಒಲಿಯುತ್ತದೆ ಎಂದು ನನ್ನ ಆ ಹಳೆಯ ವಿದ್ಯಾರ್ಥಿ ಹೇಳುತ್ತಾನೆ.

ಕೊನೆಯದಾಗಿ ಅವನೇ ಹೇಳಿದ ಇನ್ನೊಂದು ಮಾತು. ಅವನ ಕೈಗೆ ಬರುವ ಎರಡು ಟ್ರಾನ್ಸಿಸ್ಟರ್‌ಗಳು ಒಂದೇ ತರಹ ಇದ್ದದ್ದೇ ಇಲ್ಲವಂತೆ. ಅವು ಸಮ ಇಲ್ಲ ಎಂದು ಗೊತ್ತಿದ್ದೇ, ಎಷ್ಟು ಸಮ ಇಲ್ಲ ಎಂದು ಅಳೆದೇ, ಸರಿಯಾಗಿ ತೂಗುವ ತಕ್ಕಡಿಯನ್ನು ಅವುಗಳಿಂದಲೇ ಕಟ್ಟಬೇಕಂತೆ. ನಾವು ಶಿಕ್ಷಕರೂ ಅಷ್ಟೇ. ನಮ್ಮ ತರಗತಿಗೆ ಬರುವ ಮಕ್ಕಳೂ ಸಮನಾದ ಮನೆಗಳಿಂದ ಬರುವುದಿಲ್ಲ. ಒಬ್ಬನ ತಂದೆ ವಕೀಲ, ಒಬ್ಬನ ತಂದೆ ಭಟ್ಟಿಯ ಮುಂದೆ ನಿಲ್ಲುವವನು. ಯಾರಿಗೆ ಎಷ್ಟು ಪಾಸಂಗ್ ಬೇಕು ಎಂದು ನೋಡಿ ಕಟ್ಟುವುದು ಈ ಸಂಘದ ಕೆಲಸ, ನನ್ನಂತಹ ಮೇಷ್ಟ್ರ ಕೆಲಸ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನದಲ್ಲಿ ಬರಕತ್ ನೀಡಲಿ, ನಮ್ಮ ತಪ್ಪುಗಳನ್ನು ತಿದ್ದಿಕೊಳ್ಳುವ ತೌಫೀಕ್ ನೀಡಲಿ. ಆಮೀನ್.